ಸುತ್ತಿ ಬಳಸಿ ಹಿತ್ತಲಿಗೆ: ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ಮೊದಲ ದಿನಗಳು

ಹಳೆಯ ಜನಪದ ಹಾಡೊಂದಕ್ಕೆ ಡ್ರಮ್ಸನ್ನೂ ಎಲೆಕ್ಟ್ರಿಕ್ ಗಿಟಾರನ್ನೂ ಸೇರಿಸಿದರೆ ಫೋಕ್ ರಾಕ್ ಆಯಿತು ಎಂದು ಹೇಳಿ ಮುಗಿಸುವವರಿದ್ದಾರೆ. ಅಷ್ಟೇ ಆಗಿದ್ದರೆ ಅದು ಒಂದು ಮಧ್ಯಾಹ್ನದ ಕೆಲಸ. ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ತಂಡಕ್ಕೆ ಆ ಕೆಲಸ ಕೈಗೂಡಲು ಎರಡೂವರೆ ವರ್ಷ ಬೇಕಾಯಿತು. 1967ರ ಮೇ ತಿಂಗಳಿಂದ 1969ರ ಡಿಸೆಂಬರ್‌ವರೆಗಿನ ಆ ಅವಧಿಯಲ್ಲಿ ನಾಲ್ಕು ಆಲ್ಬಮ್‌ಗಳು ಬಂದವು, ಮೂವರು ಡ್ರಮ್ಮರ್‌ಗಳು ಕುಳಿತೆದ್ದರು, ಒಂದು ಸಾವು ತಂಡವನ್ನು ಬಹುಮಟ್ಟಿಗೆ ಮುಗಿಸಿಯೇಬಿಟ್ಟಿತ್ತು. ಇಂದು ಇಂಗ್ಲಿಷ್ ಜಾನಪದದ ಹೆಸರೆತ್ತಿದರೆ ನೆನಪಾಗುವ ಈ ಹುಡುಗರಿಗೆ ಶುರುವಿನಲ್ಲಿ ಇಂಗ್ಲಿಷ್ ಜಾನಪದದ ಮೇಲೆ ಹೇಳಿಕೊಳ್ಳುವಂಥ ಪ್ರೀತಿ ಇರಲಿಲ್ಲ. ಅವರ ಕಿವಿಯೆಲ್ಲ ಅಮೆರಿಕದ ಕಡೆಗಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇಂಗ್ಲೆಂಡಿಗೂ ಅನ್ವಯಿಸುತ್ತದೆ.

‘ಫೋಕ್’ ಎಂಬ ಪದವನ್ನು ಮೊದಲು ಸ್ವಲ್ಪ ಬಿಡಿಸಿಕೊಳ್ಳಬೇಕು. ಆ ಕಾಲದಲ್ಲಿ ಅದಕ್ಕೆ ಎರಡು ಅರ್ಥಗಳಿದ್ದವು, ಎರಡೂ ಒಂದಕ್ಕೊಂದು ಮುಖ ಕೊಟ್ಟು ಮಾತನಾಡುತ್ತಿರಲಿಲ್ಲ. ಅಮೆರಿಕದಲ್ಲಿ ಗಿಟಾರ್ ಹಿಡಿದು ತಾನೇ ಬರೆದ ಹಾಡನ್ನು ಹಾಡುವವನೂ ಫೋಕ್ ಗಾಯಕನೇ. ಬಾಬ್ ಡಿಲನ್ ಅವರ ಹಾಡೊಂದನ್ನು ಬರ್ಡ್ಸ್ ತಂಡ ಎಲೆಕ್ಟ್ರಿಕ್ ಗಿಟಾರಿಗೆ ಅಳವಡಿಸಿ 1965ರ ಜೂನ್‌ನಲ್ಲಿ ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿಸಿದಾಗ ‘ಫೋಕ್ ರಾಕ್’ ಎಂಬ ಹೆಸರು ಎಲ್ಲರ ಬಾಯಲ್ಲಿ ಓಡಾಡತೊಡಗಿತು. ಮರುತಿಂಗಳು ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಸ್ವತಃ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ವೇದಿಕೆ ಹತ್ತಿದರು, ಸಭೆಯಲ್ಲಿ ಗದ್ದಲವೆದ್ದಿತು. ಆ ಉತ್ಸವದ ವೇದಿಕೆಯ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರಲ್ಲಿ ಜೋ ಬಾಯ್ಡ್ ಎಂಬ 22ರ ತರುಣ ಇದ್ದರು. ಅವರ ಹೆಸರು ನೆನಪಿರಲಿ.

ಇಂಗ್ಲೆಂಡಿನಲ್ಲಿ ಫೋಕ್ ಎಂದರೆ ಬೇರೆಯೇ ಲೋಕ. ಪಬ್ಬಿನ ಮಹಡಿಯ ಕೋಣೆ, ಮೈಕ್ ಇಲ್ಲ, ಬಹಳ ಸಲ ವಾದ್ಯವೂ ಇಲ್ಲ. ಗಾಯಕ ಎದ್ದು ನಿಂತು, ನೂರಾರು ವರ್ಷ ಬಾಯಿಂದ ಬಾಯಿಗೆ ಬಂದ ಲಾವಣಿಯನ್ನು ಬರಿಗೊರಳಲ್ಲಿ ಹಾಡುತ್ತಿದ್ದ. ಜಾನಪದ ಗಾಯಕ ಯುವನ್ ಮೆಕಾಲ್ ನಡೆಸುತ್ತಿದ್ದ ಕ್ಲಬ್ಬಿನಲ್ಲಂತೂ ಗಾಯಕರು ತಮ್ಮ ನಾಡಿನ, ತಮ್ಮ ನುಡಿಯ ಹಾಡನ್ನು ಮಾತ್ರ ಹಾಡಬೇಕು ಎಂಬ ಕಟ್ಟಳೆಯಿತ್ತು. ಇಂಥ ಕಡೆ ಆಂಪ್ಲಿಫೈಯರ್ ತಂದಿಟ್ಟರೆ ಮಡಿಯುಟ್ಟವರ ಪಂಕ್ತಿಗೆ ಚಪ್ಪಲಿ ಮೆಟ್ಟಿಕೊಂಡು ಬಂದ ಹಾಗೆ. ಒಂದೇ ಊರಿನಲ್ಲಿದ್ದರೂ ರಾಕ್ ಹುಡುಗರು ಈ ಹೊಸ್ತಿಲು ತುಳಿಯುತ್ತಿದ್ದುದು ಅಪರೂಪ, ಮಹಡಿಯವರು ಕೆಳಗಿಳಿದು ರಾಕ್ ಕೇಳುತ್ತಿದ್ದುದು ಇನ್ನೂ ಅಪರೂಪ.

ಉತ್ತರ ಲಂಡನ್ನಿನ ಮಸ್ವೆಲ್ ಹಿಲ್ ಬಡಾವಣೆಯಲ್ಲಿ, ಫೋರ್ಟಿಸ್ ಗ್ರೀನ್ ಎಂಬ ರಸ್ತೆಯ ಮೇಲೆ ‘ಫೇರ್‌ಪೋರ್ಟ್’ ಎಂಬ ಹೆಸರಿನ ದೊಡ್ಡ ಮನೆಯಿತ್ತು. ಸೈಮನ್ ನಿಕಲ್ ಎಂಬ ಹುಡುಗನ ಮನೆ ಅದು. ಅವರ ತಂದೆ ವೈದ್ಯರಾಗಿದ್ದರು, ಚಿಕಿತ್ಸಾಲಯವೂ ಅದೇ ಕಟ್ಟಡದಲ್ಲಿತ್ತು. ಅದರ ಮೇಲಿನ ಕೋಣೆಯಲ್ಲಿ ನಿಕಲ್, ಬಾಸ್ ಗಿಟಾರ್ ನುಡಿಸುವ ಆಶ್ಲಿ ಹಚಿಂಗ್ಸ್ ಮತ್ತು ಗೆಳೆಯರು ಸೇರಿ ಅಭ್ಯಾಸ ಮಾಡುತ್ತಿದ್ದರು. ಮನೆಯ ಹೆಸರಿಗೆ ಸಮಾವೇಶ ಎಂಬರ್ಥದ ‘ಕನ್ವೆನ್ಷನ್’ ಸೇರಿಸಿದರು, ತಂಡಕ್ಕೆ ಹೆಸರಾಯಿತು. ಹಚಿಂಗ್ಸ್‌ಗೆ 22 ವರ್ಷ, ತಂಡದ ಹಿರಿಯರೆಂದರೆ ಅವರೇ. ಗಿಟಾರ್ ನುಡಿಸುತ್ತಿದ್ದ ರಿಚರ್ಡ್ ಥಾಂಪ್ಸನ್‌ಗೆ 18. ನಿಕಲ್‌ಗೆ ಬರೀ 16.

1967ರ ಮೇ 27ರಂದು ಗೋಲ್ಡರ್ಸ್ ಗ್ರೀನ್‌ನ ಚರ್ಚ್ ಸಭಾಂಗಣವೊಂದರಲ್ಲಿ ಮೊದಲ ಕಾರ್ಯಕ್ರಮ. ಪ್ರೇಕ್ಷಕರ ನಡುವೆ ಮಾರ್ಟಿನ್ ಲ್ಯಾಂಬಲ್ ಎಂಬ 17ರ ಹುಡುಗ ಕುಳಿತಿದ್ದ. ಕಾರ್ಯಕ್ರಮ ಮುಗಿದ ಮೇಲೆ, ನಿಮ್ಮ ಡ್ರಮ್ಮರ್‌ಗಿಂತ ನಾನು ಚೆನ್ನಾಗಿ ನುಡಿಸಬಲ್ಲೆ ಎಂದು ತಂಡದವರನ್ನು ಒಪ್ಪಿಸಿ ಆ ಜಾಗದಲ್ಲಿ ಕುಳಿತೇಬಿಟ್ಟ. ಒಂದೇ ಕಾರ್ಯಕ್ರಮಕ್ಕೆ ಕೆಲಸ ಕಳೆದುಕೊಂಡ ಮೊದಲ ಡ್ರಮ್ಮರ್‌ನ ಬಗ್ಗೆ ನನಗೆ ಈಗಲೂ ಸ್ವಲ್ಪ ಪಾಪ ಎನ್ನಿಸುತ್ತದೆ.

ಸ್ವಲ್ಪದರಲ್ಲೇ ಗಾಯಕಿಯಾಗಿ ಜೂಡಿ ಡೈಬಲ್ ಸೇರಿದರು, ಆಮೇಲೆ ಗಾಯಕ ಇಯಾನ್ ಮ್ಯಾಥ್ಯೂಸ್ ಬಂದರು. ಡೈಬಲ್ ಗ್ರಂಥಾಲಯದಲ್ಲಿ ಕೆಲಸ ಮಾಡಿದವರು. ಥಾಂಪ್ಸನ್ ಗಿಟಾರಿನಲ್ಲಿ ಮುಳುಗಿ ಹತ್ತು ನಿಮಿಷ ಮೇಲೇಳದಿದ್ದಾಗ, ಹಾಡಲು ಏನೂ ಇಲ್ಲದ ಅವರು ವೇದಿಕೆಯ ಅಂಚಿನಲ್ಲಿ ಕುಳಿತು ಉಣ್ಣೆ ಹೆಣೆಯುತ್ತಿದ್ದರು. ಅಂದಿನ ತಂಡದ ಸ್ವಭಾವಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗದು: ಸಂಕೋಚದ, ಓದಿಕೊಂಡ, ತಾರೆಯರಂತೆ ಮೆರೆಯಲು ಬಾರದ ಮಕ್ಕಳು. ಒಬ್ಬ ಗಾಯಕ, ಒಬ್ಬ ಗಾಯಕಿ, ಉದ್ದುದ್ದ ಗಿಟಾರ್ ವಾದನ ಎಲ್ಲ ಸೇರಿ ಪತ್ರಿಕೆಗಳು ಇವರನ್ನು, ಅಮೆರಿಕದ ರಾಕ್ ತಂಡವೊಂದರ ಹೆಸರು ಹಿಡಿದು, ಇಂಗ್ಲೆಂಡಿನ ಜೆಫರ್ಸನ್ ಏರ್‌ಪ್ಲೇನ್ ಎಂದು ಕರೆದವು. ಹೊಗಳಿಕೆಯಂತೆ ಕೇಳುವ ಆ ಮಾತಿನ ಒಳಗೆ, ನೀವು ಯಾರದೋ ನಕಲು ಎಂಬ ಚುಚ್ಚೂ ಇದೆ.

ನ್ಯೂಪೋರ್ಟ್‌ನಿಂದ ಲಂಡನ್ನಿಗೆ ಬಂದು ನೆಲೆಸಿದ್ದ ಜೋ ಬಾಯ್ಡ್ ಅದೇ ವರ್ಷ ಇವರನ್ನು ನೋಡಿದರು. ಅವರನ್ನು ಹಿಡಿದು ನಿಲ್ಲಿಸಿದ್ದು 18ರ ಥಾಂಪ್ಸನ್‌ನ ಬೆರಳುಗಳು. ಬಾಯ್ಡ್ ತಂಡದ ನಿರ್ಮಾಪಕರಾದರು, ವ್ಯವಹಾರವನ್ನೂ ವಹಿಸಿಕೊಂಡರು. ಉತ್ತರ ಅಮೆರಿಕದ ಹೊಸ ಗೀತಕಾರರ ಪ್ರಕಟವಾಗದ ಹಾಡುಗಳನ್ನು ತಂದುಕೊಟ್ಟರು. ಜೋನಿ ಮಿಚೆಲ್ ಅವರ ಹಾಡುಗಳು 1968ರ ಜೂನ್‌ನಲ್ಲಿ ಬಂದ ಇವರ ಮೊದಲ ಆಲ್ಬಮ್ಮಿಗೆ ಸೇರಿದ್ದು ಹಾಗೆ.

ಆ ದಿನಗಳಲ್ಲಿ ಈ ತಂಡಕ್ಕೆ ಅನ್ನ ಹಾಕಿದ್ದರಲ್ಲಿ ಬಿಬಿಸಿ ರೇಡಿಯೊದ ಪಾತ್ರ ದೊಡ್ಡದು. ಅದಕ್ಕೊಂದು ವಿಚಿತ್ರ ಕಾರಣವಿದೆ. ದಿನಕ್ಕೆ ಇಂತಿಷ್ಟೇ ಗಂಟೆ ಧ್ವನಿಮುದ್ರಿಕೆಗಳನ್ನು ಪ್ರಸಾರ ಮಾಡಬಹುದು ಎಂಬ ಒಪ್ಪಂದ ಬಿಬಿಸಿಯ ಕೈ ಕಟ್ಟಿತ್ತು. ಎಲ್ಲವನ್ನೂ ತಟ್ಟೆ ತಿರುಗಿಸಿಯೇ ಮುಗಿಸಿದರೆ ವಾದ್ಯಗಾರರ ಹೊಟ್ಟೆಪಾಡೇನು ಎಂದು ಅವರ ಸಂಘ ಪಟ್ಟು ಹಿಡಿದ ಫಲ ಅದು. ಉಳಿದ ಹೊತ್ತನ್ನು ತುಂಬಲು ರೇಡಿಯೊದವರು ತಂಡಗಳನ್ನು ಸ್ಟುಡಿಯೊಗೆ ಕರೆಸಿ ನುಡಿಸುತ್ತಿದ್ದರು. ಹೀಗೆ ಆಲ್ಬಮ್ ಹೆಚ್ಚು ಮಾರದ ಹೊಸಬರಿಗೂ ದೇಶವಿಡೀ ಕೇಳುವ ಕಿವಿಗಳು ಸಿಕ್ಕವು. ಫೇರ್‌ಪೋರ್ಟ್ ಅಲ್ಲಿ ಬಹುಪಾಲು ನುಡಿಸುತ್ತಿದ್ದುದು ಬೇರೆಯವರ ಹಾಡುಗಳನ್ನೇ. ಮೊದಲ ಆಲ್ಬಮ್ ಕೇಳಿದರೆ ಜಾಣ ವಿದ್ಯಾರ್ಥಿಯ ಉತ್ತರಪತ್ರಿಕೆ ಓದಿದ ಹಾಗಿರುತ್ತದೆ. ತಪ್ಪು ಹುಡುಕುವುದು ಕಷ್ಟ, ಮತ್ತೆ ತೆರೆದು ನೋಡಬೇಕು ಎಂದೂ ಅನ್ನಿಸುವುದಿಲ್ಲ.

ಆಲ್ಬಮ್ ಅಂಗಡಿ ಮುಟ್ಟುವ ಮೊದಲೇ ಡೈಬಲ್ ಅವರನ್ನು ಹೊರಗೆ ಕಳುಹಿಸಿದ್ದರು. ಹೊಸ ಗಾಯಕಿಗಾಗಿ ನಡೆದ ಪರೀಕ್ಷೆಗೆ 21ರ ಸ್ಯಾಂಡಿ ಡೆನ್ನಿ ಬಂದರು. ಕೊಳೆ ಪಾತ್ರೆಗಳು ತುಂಬಿದ ತೊಟ್ಟಿಯಲ್ಲಿ ಒಂದೇ ಒಂದು ಶುಭ್ರ ಗಾಜಿನ ಲೋಟ ಕಂಡ ಹಾಗಾಯಿತು ಎಂದು ನಿಕಲ್ ಮುಂದೆ ನೆನಪಿಸಿಕೊಂಡದ್ದುಂಟು. ಡೆನ್ನಿ ಮಹಡಿಯ ಕೋಣೆಯ ಲೋಕದಿಂದ ಬಂದವರು. ನರ್ಸ್ ತರಬೇತಿ ಬಿಟ್ಟು, ಕಲಾಶಾಲೆಗೆ ಹೋಗಿ, ಲಂಡನ್ನಿನ ಸೋಹೋದ ಫೋಕ್ ಕ್ಲಬ್ಬುಗಳಲ್ಲಿ ಹೊಗೆಯ ನಡುವೆ ಹಾಡಿ ಪಳಗಿದ ಕಂಠ. ಅವರು ತಂದ ಚೀಲದಲ್ಲಿ ಎರಡು ಬಗೆಯ ಸರಕಿತ್ತು: ತಾವೇ ಬರೆದ ಹಾಡುಗಳು, ಮತ್ತು ರಾಕ್ ಹುಡುಗರು ಕಿವಿಗೊಡದೆ ಬಿಟ್ಟಿದ್ದ ಹಳೆಯ ಹಾಡುಗಳು. 1969ರ ಜನವರಿಯಲ್ಲಿ ಬಂದ ಎರಡನೆಯ ಆಲ್ಬಮ್ಮಿನಲ್ಲಿ ಅಂಥ ಎರಡು ಹಳೆಯ ಹಾಡುಗಳು, ಅಮೆರಿಕದ ಹಾಡುಗಳ ನಡುವೆ, ಬೇರೆ ಊರಿನಿಂದ ಮದುವೆಗೆ ಬಂದ ನೆಂಟರಂತೆ ಕುಳಿತಿವೆ.

ತಿರುವು ಬಂದದ್ದು ಮೂರನೆಯ ಆಲ್ಬಮ್ಮಿನ ‘ಎ ಸೈಲರ್ಸ್ ಲೈಫ್’ ಎಂಬ ಹಾಡಿನಲ್ಲಿ. ಕಡಲಿಗೆ ಹೋದ ಪ್ರಿಯಕರನನ್ನು ಹುಡುಕಿಕೊಂಡು ದೋಣಿ ಏರುವ ಹುಡುಗಿಯ ಕಥೆ ಅದು. ಡೆನ್ನಿ ಕ್ಲಬ್ಬುಗಳಲ್ಲಿ ಹಾಡುತ್ತಿದ್ದ ಹಾಡು. ಕಾರ್ಯಕ್ರಮವೊಂದಕ್ಕೆ ಮುಂಚೆ ಒಳಕೋಣೆಯಲ್ಲಿ ಅವರು ಗುನುಗುತ್ತಿದ್ದಾಗ ಉಳಿದವರು ಒಬ್ಬೊಬ್ಬರಾಗಿ ವಾದ್ಯ ಎತ್ತಿಕೊಂಡರು, ಅದು ಹಾಗೆಯೇ ವೇದಿಕೆಗೂ ಹೋಯಿತು. ಧ್ವನಿಮುದ್ರಣಕ್ಕೆ ಪಿಟೀಲು ನುಡಿಸಲು ಡೇವ್ ಸ್ವಾರ್ಬ್ರಿಕ್ ಅವರನ್ನು ಕರೆಸಿದರು. ಜಾನಪದ ವಲಯದಲ್ಲಿ ಆಗಲೇ ದೊಡ್ಡ ಹೆಸರು ಅವರದು. ಹನ್ನೊಂದು ನಿಮಿಷ ಮೀರಿದ ಆ ಹಾಡನ್ನು ಒಂದೇ ಸಲಕ್ಕೆ ನುಡಿಸಿ ಮುಗಿಸಿದರು. ಎರಡನೆಯ ಪ್ರಯತ್ನದ ಅಗತ್ಯವೇ ಬೀಳಲಿಲ್ಲ.

ಆ ಹನ್ನೊಂದು ನಿಮಿಷದಲ್ಲಿ ಏನಾಯಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಫೋಕ್ ರಾಕ್‌ನ ನಿಜವಾದ ತೊಡಕು ಇರುವುದು ಅಲ್ಲೇ. ರಾಕ್ ಹಾಡು ಸಾಮಾನ್ಯವಾಗಿ ಸ್ವರಗುಚ್ಛಗಳ, ಎಂದರೆ ಒಟ್ಟಿಗೇ ಮಿಡಿಯುವ ಕೆಲವು ಸ್ವರಗಳ ಗೊಂಚಲುಗಳ, ಮೇಲೆ ನಿಲ್ಲುತ್ತದೆ. ಗಿಟಾರ್ ಒಂದು ಗುಚ್ಛದಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಹಾಡು ಅದರ ಬೆನ್ನೇರಿ ಸಾಗುತ್ತದೆ. ಹಳೆಯ ಇಂಗ್ಲಿಷ್ ಧಾಟಿಗಳು ಹುಟ್ಟಿದ್ದು ಈ ಆಸರೆ ಇಲ್ಲದೆ. ಅವುಗಳಲ್ಲಿ ಅನೇಕವು ಡೋರಿಯನ್, ಮಿಕ್ಸೊಲಿಡಿಯನ್ ಎಂಬ ಪ್ರಾಚೀನ ಸ್ವರಶ್ರೇಣಿಗಳಲ್ಲಿವೆ. ಕರ್ನಾಟಕ ಸಂಗೀತ ಬಲ್ಲವರಿಗೆ ಹೇಳುವುದಾದರೆ ಮೊದಲನೆಯದರ ಸ್ವರಸ್ಥಾನಗಳು ಖರಹರಪ್ರಿಯದವು, ಎರಡನೆಯದರವು ಹರಿಕಾಂಭೋಜಿಯವು. ಗಮಕ, ಸಂಚಾರ ಎಲ್ಲ ಬೇರೆ, ಮೆಟ್ಟಿಲುಗಳ ಲೆಕ್ಕ ಮಾತ್ರ ಒಂದು. ಇಂಥ ಧಾಟಿಗೆ ರಾಕ್‌ನ ಸ್ವರಗುಚ್ಛಗಳನ್ನು ತುರುಕಿದರೆ ಅದರ ಬಣ್ಣವೇ ಮಾಸಿ ಇನ್ನೊಂದು ಪಾಪ್ ಹಾಡಾಗುತ್ತದೆ.

ಫೇರ್‌ಪೋರ್ಟ್ ಹುಡುಗರು ಇಲ್ಲಿ ತುರುಕಲು ಹೋಗಲಿಲ್ಲ. ಗಿಟಾರುಗಳು ತಂಬೂರಿಯ ಹಾಗೆ ಒಂದೇ ಶ್ರುತಿಯನ್ನು ಹಿಡಿದು ನಿಂತವು. ಲ್ಯಾಂಬಲ್ ಶುರುವಿನಲ್ಲಿ ತಾಳವನ್ನೇ ಹಾಕಲಿಲ್ಲ, ಕಂಚಿನ ಸಿಂಬಲ್‌ಗಳ ಮೇಲೆ ಕೋಲಾಡಿಸುತ್ತ ಅಲೆ ಏಳುವ, ಬೀಳುವ ಸದ್ದು ಹೊರಡಿಸಿದ. ಡೆನ್ನಿ ತಮಗೆ ಬೇಕಾದಷ್ಟು ಉಸಿರೆಳೆದುಕೊಂಡು ಹಾಡಿದರು. ಹುಡುಗಿಗೆ ತನ್ನವನು ಮುಳುಗಿದ ಸುದ್ದಿ ತಿಳಿದು, ಅವಳ ದೋಣಿಯೂ ಬಂಡೆಗೆ ಬಡಿಯುತ್ತದೆ. ಹಾಡು ಅಲ್ಲಿಗೆ ಮುಗಿಯುತ್ತದೆ, ಸಂಗೀತ ಮುಗಿಯುವುದಿಲ್ಲ. ಆಮೇಲೆ ನಿಧಾನವಾಗಿ ಲಯ ಕಟ್ಟಿಕೊಳ್ಳುತ್ತದೆ, ಗಿಟಾರ್ ಮತ್ತು ಪಿಟೀಲು ಒಂದನ್ನೊಂದು ಕೆಣಕುತ್ತ ಮೇಲೇರುತ್ತವೆ. ಥಾಂಪ್ಸನ್‌ರ ಗಿಟಾರಿನಲ್ಲಿ ಅಂದಿನ ಇಂಗ್ಲಿಷ್ ವಾದಕರೆಲ್ಲ ಅಮೆರಿಕದ ಬ್ಲೂಸ್‌ನಿಂದ ಎರವಲು ತಂದಿದ್ದ ವರಸೆಗಳು ಇಲ್ಲವೆನ್ನುವಷ್ಟು ಕಡಿಮೆ. ಅದು ಸ್ಕಾಟ್‌ಲೆಂಡಿನ ಚೀಲವಾದ್ಯದಂತೆ, ಹಳ್ಳಿಯ ಪಿಟೀಲಿನಂತೆ ಕೊಂಕುತ್ತದೆ. ಜಾನಪದವನ್ನು ರಾಕ್ ಮಾಡುವ ಬದಲು ರಾಕ್ ವಾದ್ಯಗಳಿಗೇ ಜಾನಪದದ ನಾಲಿಗೆ ಕಲಿಸಿದ ಮೊದಲ ಕ್ಷಣ ಇದೇ ಎನ್ನುವುದು ನನ್ನ ಎಣಿಕೆ. ತಂಡ ಈ ಕಡೆ ಹೊರಳುತ್ತಿರುವುದು ತಮಗೆ ಒಗ್ಗುವುದಿಲ್ಲವೆಂದು ಮ್ಯಾಥ್ಯೂಸ್ ಅಷ್ಟು ಹೊತ್ತಿಗೆ ದೂರವಾಗಿದ್ದರು.

ಅದೇ ಆಲ್ಬಮ್ಮಿನಲ್ಲಿ ಒಂದು ತಮಾಷೆಯೂ ಇದೆ. ಡಿಲನ್ ಅವರ ಇಂಗ್ಲಿಷ್ ಹಾಡೊಂದನ್ನು ಫ್ರೆಂಚ್ ಬಲ್ಲ ಪ್ರೇಕ್ಷಕರನ್ನು ಕರೆದು ಅನುವಾದಿಸಿ ಹಾಡಿದರು. ಸರಿಯಾದ ತಾಳವಾದ್ಯದ ಬದಲು ಲ್ಯಾಂಬಲ್ ಒಂದರ ಮೇಲೊಂದು ಪೇರಿಸಿದ ಕುರ್ಚಿಗಳ ಮೇಲೆ ಬಾರಿಸಿದ. ಇಂಗ್ಲೆಂಡಿನ ಪಟ್ಟಿಯಲ್ಲಿ 21ನೇ ಸ್ಥಾನಕ್ಕೇರಿದ್ದು ಆ ಹಾಡು! ಜಾನಪದದ ತಂಡವೆಂದು ಹೆಸರಾದವರಿಗೆ ಸಿಕ್ಕ ಜನಪ್ರಿಯತೆ ಫ್ರೆಂಚ್ ಭಾಷೆಯ ಅಮೆರಿಕನ್ ಹಾಡಿನಿಂದ.

ಆಲ್ಬಮ್ ಬಿಡುಗಡೆಯಾಗುವುದನ್ನು ಲ್ಯಾಂಬಲ್ ನೋಡಲಿಲ್ಲ. 1969ರ ಮೇ 12ರ ನಸುಕಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಯಕ್ರಮ ಮುಗಿಸಿ ಎಂ-1 ಹೆದ್ದಾರಿಯಲ್ಲಿ ಲಂಡನ್ನಿಗೆ ಮರಳುತ್ತಿದ್ದ ವ್ಯಾನ್ ಅಪಘಾತಕ್ಕೀಡಾಯಿತು. ಲ್ಯಾಂಬಲ್ ತೀರಿಕೊಂಡಾಗ ಅವನಿಗೆ 19 ವರ್ಷ. ಥಾಂಪ್ಸನ್ ಅವರ ಗೆಳತಿ, ವಸ್ತ್ರವಿನ್ಯಾಸಕಿ ಜೀನಿ ಫ್ರಾಂಕ್ಲಿನ್ ಕೂಡ ಉಳಿಯಲಿಲ್ಲ. ಹಚಿಂಗ್ಸ್ ಆಸ್ಪತ್ರೆಯಲ್ಲಿ ಮಲಗಿದರು. ಡೆನ್ನಿ ಬೇರೆ ವಾಹನದಲ್ಲಿದ್ದುದರಿಂದ ಪಾರಾದರು.

ತಂಡವನ್ನು ಮುಚ್ಚುವುದೇ, ಮುಂದುವರಿಸುವುದೇ? ಮುಂದುವರಿಸುವುದೆಂದು ತೀರ್ಮಾನವಾಯಿತು. ಆದರೆ ಅದುವರೆಗೆ ತಾವು ನುಡಿಸಿದ್ದ ಹಾಡುಗಳ ಕಡೆಗೆ ಮರಳುವ ಮನಸ್ಸು ಯಾರಿಗೂ ಇರಲಿಲ್ಲ. ಪ್ರತಿ ಹಾಡಿನ ಕೆಳಗೂ ಲ್ಯಾಂಬಲ್‌ನ ಡ್ರಮ್ಸ್ ಕೇಳಿಸುತ್ತಿತ್ತು. ಹೊಸದಾಗಿ ಶುರುಮಾಡಲು ಅವರಿಗೆ ಹೊಸ ಹಾಡುಗಳು ಬೇಕಿದ್ದವು, ಸಿಕ್ಕಿದ್ದು ನೂರಾರು ವರ್ಷ ಹಳೆಯವು. ಇನ್ನೊಂದು ಪ್ರೇರಣೆಯೂ ಇತ್ತು. ಹಿಂದಿನ ವರ್ಷ ‘ದಿ ಬ್ಯಾಂಡ್’ ಎಂಬ ತಂಡದ ಮೊದಲ ಆಲ್ಬಮ್ ಬಂದಿತ್ತು. ಉತ್ತರ ಅಮೆರಿಕದ ಮಣ್ಣಿನ ವಾಸನೆ ಅದರಲ್ಲಿ ಎಷ್ಟು ದಟ್ಟವಾಗಿತ್ತೆಂದರೆ, ಅದನ್ನು ಅನುಕರಿಸುವ ಆಸೆಯನ್ನೇ ಇವರು ಬಿಟ್ಟರು. ಅವರು ತಮ್ಮ ನೆಲದಿಂದ ಮಾಡಿದ್ದನ್ನು ನಾವು ನಮ್ಮ ನೆಲದಿಂದ ಮಾಡಬೇಕು ಎಂಬುದು ಪಾಠವಾಯಿತು. ತಮ್ಮ ಹಿತ್ತಲನ್ನು ತೋರಿಸಿಕೊಡಲೂ ಅಮೆರಿಕವೇ ಬೇಕಾಯಿತು.

ಆ ಬೇಸಿಗೆಯಲ್ಲಿ ಬಾಯ್ಡ್ ತಂಡಕ್ಕಾಗಿ ವಿಂಚೆಸ್ಟರ್ ಬಳಿಯ ಫಾರ್ಲಿ ಚೇಂಬರ್ಲೇನ್ ಎಂಬ ಹಳ್ಳಿಯಲ್ಲಿ ದೊಡ್ಡ ಮನೆಯೊಂದನ್ನು ಬಾಡಿಗೆಗೆ ಹಿಡಿದರು. ಸ್ವಾರ್ಬ್ರಿಕ್ ಈಗ ಪೂರ್ಣಾವಧಿ ಸದಸ್ಯ. ಹೊಸ ಡ್ರಮ್ಮರ್ ಡೇವ್ ಮ್ಯಾಟಕ್ಸ್ ಬಂದದ್ದು ರಾಕ್ ಲೋಕದಿಂದಲೂ ಅಲ್ಲ, ಜಾನಪದದಿಂದಲೂ ಅಲ್ಲ. ಜೋಡಿಗಳು ಕೈ ಹಿಡಿದು ಕುಣಿಯುವ ನೃತ್ಯಶಾಲೆಗಳ ವಾದ್ಯಮೇಳದಲ್ಲಿ ನುಡಿಸುತ್ತಿದ್ದವರು. ಮೇಲುನೋಟಕ್ಕೆ ವಿಚಿತ್ರ ಆಯ್ಕೆ, ಆದರೆ ಇದಕ್ಕಿಂತ ಸರಿಯಾದದ್ದು ಇರಲಿಲ್ಲ. ಜಿಗ್ ಎಂಬ ಕುಣಿತದ ಧಾಟಿಯಲ್ಲಿ ಪ್ರತಿ ಏಟೂ ಮೂರಾಗಿ ಒಡೆಯುತ್ತದೆ, ನಮ್ಮ ತಿಶ್ರ ನಡೆಯ ಹಾಗೆ. ರೀಲ್ ಎಂಬುದು ನಾಲ್ಕರ ಓಟ. ಎರಡೂ ಹುಟ್ಟಿದ್ದು ಕಾಲುಗಳಿಗಾಗಿ. ಕುಣಿಯುವವರ ಹೆಜ್ಜೆ ಎಲ್ಲಿ ಊರುತ್ತದೆ, ಎಲ್ಲಿ ಏಳುತ್ತದೆ ಎಂದು ಬಲ್ಲವನಿಗೆ ಡ್ರಮ್ಸನ್ನು ಎಲ್ಲಿ ಬಿಡಬೇಕೆಂಬುದೂ ತಿಳಿದಿರುತ್ತದೆ.

ಚೇತರಿಸಿಕೊಂಡ ಹಚಿಂಗ್ಸ್‌ಗೆ ಹೊಸ ಹುಚ್ಚು ಹಿಡಿಯಿತು. ಲಂಡನ್ನಿನ ಸಿಸಿಲ್ ಶಾರ್ಪ್ ಹೌಸ್‌ನ ಗ್ರಂಥಾಲಯಕ್ಕೆ ಹೋಗಿ ಹಳೆಯ ಸಂಗ್ರಹಗಳನ್ನು ಕೆದಕತೊಡಗಿದರು. ಸಿಸಿಲ್ ಶಾರ್ಪ್ 1903ರಲ್ಲಿ ಸಾಮರ್ಸೆಟ್‌ನಲ್ಲಿ ತೋಟದ ಮಾಲಿಯೊಬ್ಬನ ಹಾಡು ಕೇಳಿ ಸಂಗ್ರಹಕ್ಕೆ ತೊಡಗಿದವರು. ಮೊದಲ ಮಹಾಯುದ್ಧದ ನಡುವೆ ಅಮೆರಿಕದ ಅಪಲೇಶಿಯನ್ ಬೆಟ್ಟಗಳಲ್ಲಿ ಅಲೆದು, ವಲಸೆ ಹೋದ ಕುಟುಂಬಗಳ ಬಾಯಲ್ಲಿ ಇಂಗ್ಲೆಂಡಿನ ಲಾವಣಿಗಳು ಇನ್ನೂ ಬದುಕಿರುವುದನ್ನು ಕಂಡವರು. ಇಂಗ್ಲಿಷ್, ಸ್ಕಾಟಿಷ್ ಲಾವಣಿಗಳಿಗೆ ಪ್ರಮಾಣವೆನಿಸಿದ 305 ಲಾವಣಿಗಳ ಮಹಾಸಂಗ್ರಹವನ್ನು ಸಿದ್ಧಪಡಿಸಿದವರು ಫ್ರಾನ್ಸಿಸ್ ಜೇಮ್ಸ್ ಚೈಲ್ಡ್, ಅವರು ಹಾರ್ವರ್ಡ್‌ನ ಪ್ರಾಧ್ಯಾಪಕರು. ಮತ್ತೆ ಅಮೆರಿಕ.

ಚೈಲ್ಡ್ ಸಂಗ್ರಹದ 81ನೆಯ ಲಾವಣಿ ಫೇರ್‌ಪೋರ್ಟ್ ಕೈಯಲ್ಲಿ ‘ಮ್ಯಾಟಿ ಗ್ರೋವ್ಸ್’ ಆಯಿತು. ಊರ ಒಡೆಯನ ಹೆಂಡತಿ ಚರ್ಚಿನಲ್ಲಿ ಕಂಡ ಬಡ ಹುಡುಗನನ್ನು ಮನೆಗೆ ಕರೆಯುತ್ತಾಳೆ. ಆಳು ಓಡಿಹೋಗಿ ಒಡೆಯನಿಗೆ ಸುದ್ದಿ ಮುಟ್ಟಿಸುತ್ತಾನೆ. ಒಡೆಯ ಬಂದು ಮಂಚದ ಪಕ್ಕ ನಿಂತು, ನಿರಾಯುಧನನ್ನು ಕೊಂದೆನೆಂಬ ಮಾತು ಬರಬಾರದೆಂದು ಇದ್ದ ಎರಡು ಕತ್ತಿಗಳಲ್ಲಿ ಒಳ್ಳೆಯದನ್ನು ಹುಡುಗನಿಗೇ ಕೊಟ್ಟು, ಅವನನ್ನು ಕೊಲ್ಲುತ್ತಾನೆ. ಆ ಸತ್ತವನೇ ನನಗೆ ಹೆಚ್ಚು ಎಂದ ಹೆಂಡತಿಯನ್ನೂ ಕೊಲ್ಲುತ್ತಾನೆ. ಕೊನೆಗೆ ಇಬ್ಬರಿಗೂ ಒಂದೇ ಗುಂಡಿ ತೋಡಿಸಿ, ಹೆಂಡತಿಯನ್ನು ಮೇಲೆ ಮಲಗಿಸಿರಿ, ಅವಳು ಕುಲೀನೆ ಎನ್ನುತ್ತಾನೆ. ಗೋರಿಯೊಳಗೂ ಅಂತಸ್ತು ಬಿಡದ ಆ ಮಾತನ್ನು ಡೆನ್ನಿ ಯಾವ ಉದ್ವೇಗವೂ ಇಲ್ಲದೆ, ಪಂಚನಾಮೆ ಓದಿದಂತೆ ಹಾಡಿಬಿಡುತ್ತಾರೆ. ಲಾವಣಿಕಾರರ ಹಳೆಯ ಗುಟ್ಟು ಅದು: ಕಥೆ ಭಯಂಕರವಾದಷ್ಟೂ ದನಿ ತಣ್ಣಗಿರಬೇಕು. ಉದ್ವೇಗವನ್ನೆಲ್ಲ ಅವರು ವಾದ್ಯಗಳಿಗೆ ಬಿಟ್ಟಿದ್ದಾರೆ. ಲಾವಣಿಯ ನಾಲ್ಕು ಸಾಲಿನ ಪದ್ಯದಲ್ಲಿ ಮೊದಲ ಮತ್ತು ಮೂರನೆಯ ಸಾಲಿಗೆ ನಾಲ್ಕು ಒತ್ತು, ಎರಡನೆಯದಕ್ಕೂ ಕೊನೆಯದಕ್ಕೂ ಮೂರೇ. ಬರಿಗೊರಳ ಗಾಯಕ ಉಸಿರೆಳೆದುಕೊಳ್ಳುತ್ತಿದ್ದ ಆ ಖಾಲಿ ಒತ್ತಿನಲ್ಲಿ ಇಲ್ಲಿ ಬಾಸ್ ಮತ್ತು ಡ್ರಮ್ಸ್ ನುಗ್ಗುತ್ತವೆ, ಪ್ರತಿ ಪದ್ಯವೂ ಮುಂದಿನದನ್ನು ಬೆನ್ನು ತಟ್ಟಿ ಓಡಿಸುತ್ತದೆ. ಮಾತು ಮುಗಿದ ಮೇಲೆ ಪಿಟೀಲು, ಗಿಟಾರ್ ಸೇರಿ ಎಂಟು ನಿಮಿಷದ ಅಂಚಿನವರೆಗೆ ಕುಣಿಸುತ್ತವೆ. ಅಂದಹಾಗೆ, ಇಂಗ್ಲಿಷ್ ಫೋಕ್ ರಾಕ್‌ನ ಶಿಖರವೆನ್ನುವ ಈ ಹಾಡಿನ ಧಾಟಿ ಅಪಲೇಶಿಯನ್ ಬೆಟ್ಟಗಳ ಬೇರೊಂದು ಹಾಡಿನದು. ಮೆಕಾಲ್ ಕಟ್ಟಳೆಯಂತೆ ನೋಡಿದರೆ ಇದಕ್ಕೆ ಇಂಗ್ಲೆಂಡಿನಲ್ಲಿ ಪ್ರವೇಶವೇ ಸಿಗಬಾರದು!

1969ರ ಸೆಪ್ಟೆಂಬರ್ 24ರಂದು ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಹೊಸ ತಂಡ ಲಂಡನ್ನಿನ ಮುಂದೆ ನಿಂತಿತು. ಅಕ್ಟೋಬರ್‌ನಲ್ಲಿ ಚೆಲ್ಸಿಯ ಸೌಂಡ್ ಟೆಕ್ನಿಕ್ಸ್ ಎಂಬ, ಹಿಂದೆ ಹಾಲಿನ ಡೇರಿಯಾಗಿದ್ದ ಕಟ್ಟಡದ ಸ್ಟುಡಿಯೊದಲ್ಲಿ ‘ಲೀಜ್ ಅಂಡ್ ಲೀಫ್’ ಸಿದ್ಧವಾಯಿತು. ಅದರಲ್ಲಿ ಹಳೆಯ ಲಾವಣಿಗಳು ಇದ್ದವು, ಜಿಗ್ ಮತ್ತು ರೀಲ್‌ಗಳ ಸರಮಾಲೆ ಇತ್ತು, ಹಳೆಯದೋ ಹೊಸದೋ ಎಂದು ಹೇಳಲಾಗದ ಹಾಗೆ ತಂಡದವರೇ ಬರೆದ ಹಾಡುಗಳೂ ಇದ್ದವು. ಹೊದಿಕೆಯ ಒಳಪುಟದಲ್ಲಿ ಶಾರ್ಪ್, ಚೈಲ್ಡ್, ಹಳ್ಳಿಯ ಕುಣಿತಗಳ ಬಗ್ಗೆ ಚಿತ್ರಸಹಿತ ಟಿಪ್ಪಣಿಗಳಿದ್ದವು. ರಾಕ್ ಆಲ್ಬಮ್ ಕೊಂಡವನಿಗೆ ಜಾನಪದದ ಒಂದು ಪಾಠ ಉಚಿತ.

ಅಷ್ಟರಲ್ಲಿ ತಂಡ ಮತ್ತೆ ಬಿರುಕು ಬಿಟ್ಟಿತು. ಹಚಿಂಗ್ಸ್‌ಗೆ ಜಾನಪದ ಇನ್ನೂ ಬೇಕಿತ್ತು, ಡೆನ್ನಿಗೆ ತಮ್ಮ ಸ್ವಂತ ಹಾಡುಗಳಿಗೆ ಜಾಗ ಬೇಕಿತ್ತು. ನವೆಂಬರ್‌ನಲ್ಲಿ ಇಬ್ಬರೂ ಹೊರನಡೆದರು. ಹಚಿಂಗ್ಸ್ ಸ್ಟೀಲೈ ಸ್ಪ್ಯಾನ್ ಎಂಬ ತಂಡ ಕಟ್ಟಿದರು, ಡೆನ್ನಿ ಫಾದರಿಂಗೇ ಎಂಬುದನ್ನು. ಡಿಸೆಂಬರ್‌ನಲ್ಲಿ ‘ಲೀಜ್ ಅಂಡ್ ಲೀಫ್’ ಅಂಗಡಿಗೆ ಬಂದು ಪಟ್ಟಿಯಲ್ಲಿ 17ನೇ ಸ್ಥಾನ ಮುಟ್ಟಿತು. ಅದರ ಹೊದಿಕೆಯ ಮೇಲೆ, ಹಳೆಯ ಕಾಲದ ಪದಕಗಳಲ್ಲಿರುವಂಥ ಅಂಡಾಕಾರದ ಚೌಕಟ್ಟುಗಳಲ್ಲಿ, ಆರು ಮುಖಗಳಿವೆ. ಆಲ್ಬಮ್ ಕೊಂಡು ಮನೆಗೊಯ್ದವರು ಅದನ್ನು ನೋಡುವ ಹೊತ್ತಿಗೆ ಆ ಆರು ಜನರಲ್ಲಿ ತಂಡದಲ್ಲಿ ಉಳಿದಿದ್ದವರು ನಾಲ್ವರು.